ಹೋಟೆಲಿನ ಗಡಿಯಾರ ಮತ್ತು ಮುನ್ನೂರ ನಾಲ್ಕು

ನಮ್ಮ ಮನೆಯ ಹಜಾರದಲ್ಲಿ ಒಂದು ಗೋಡೆ ಗಡಿಯಾರವಿದೆ. ಅದು ಇಪ್ಪತ್ತು ನಿಮಿಷ ಮುಂದಿದೆ. ಕೆಟ್ಟು ಮುಂದೆ ಹೋದದ್ದಲ್ಲ, ಬೇಕೆಂದೇ ಮುಂದಿಟ್ಟದ್ದು. ಬಂದ ನೆಂಟರು ಮಾತಿನ ನಡುವೆ ಅದರತ್ತ ನೋಡಿ ಧಡಬಡಿಸಿ ಎದ್ದು ಚಪ್ಪಲಿ ಹುಡುಕುತ್ತಾರೆ. ಆಗ ನಾನು, "ಕೂತ್ಕೊಳ್ಳಿ, ಅದು ಹೋಟೆಲ್ ಗಂಟೆ" ಎಂದು ಸಮಾಧಾನ ಮಾಡಬೇಕು. ಕಾಫಿ ಮಾಡುವ ಮನಸ್ಸಿಲ್ಲದ ದಿನ ಈ ಸಮಾಧಾನ ಸ್ವಲ್ಪ ತಡವಾಗಿ ಬರುತ್ತದೆ, ಅದು ಬೇರೆ ಮಾತು.

ಮೊನ್ನೆ ಅದರ ಸೆಲ್ ಮುಗಿದು ಮುಳ್ಳು ನಿಂತುಹೋಯಿತು. ಸ್ಟೂಲ್ ಹಾಕಿ ಇಳಿಸಿ, ಧೂಳು ಒರೆಸಿ, ಹೊಸ ಸೆಲ್ ಹಾಕುತ್ತಿದ್ದಾಗ ಮಗಳು ಮೊಬೈಲ್ ಹಿಡಿದುಕೊಂಡು ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಮ್ಮಾ, ಇಂದ ಕ್ಲಾಕ್ ತಪ್ಪು. ಇಪ್ಪವಾವದು ಸರಿ ಪಣ್ಣಿಡಲಾಮಾ?" ಎಂದಳು. ಈಗಲಾದರೂ ಸರಿಮಾಡಿಬಿಡೋಣವೇ ಎಂದು. "ಬೇಡ" ಎಂದೆ. ಯಾಕೆ ಎಂದಳು. ಯಾಕೆ ಎಂದು ಹೇಳಲು ಕೂತೆ. ಅವಳು ಅರ್ಧಕ್ಕೇ ಎದ್ದು ಹೋದಳು. ನೀವಾದರೂ ಪೂರ್ತಿ ಕೇಳಿ.

ಈ ಗಡಿಯಾರ ಮೊದಲು ಇದ್ದದ್ದು ಮದರಾಸಿನ ಅಡ್ಯಾರಿನಲ್ಲಿದ್ದ ನಮ್ಮ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಮೇಲ್ಗಡೆ, ದೇವರ ಪಟದ ಪಕ್ಕದಲ್ಲಿ. ಅಪ್ಪಯ್ಯ ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಮದರಾಸಿಗೆ ಬಂದು, ಯಾರದೋ ಹೋಟೆಲಿನಲ್ಲಿ ಹಿಟ್ಟು ರುಬ್ಬಿ, ಸಪ್ಲೈ ಮಾಡಿ, ಕೊನೆಗೆ ತಮ್ಮದೇ ಒಂದನ್ನು ತೆರೆದವರು. ಕೆಳಗೆ ಹೋಟೆಲು, ಮೇಲೆ ಮನೆ. ಇಡೀ ಕಟ್ಟಡದಲ್ಲಿ ಎಷ್ಟು ಗಡಿಯಾರಗಳಿದ್ದವೋ ಅಷ್ಟೂ ಇಪ್ಪತ್ತು ನಿಮಿಷ ಮುಂದಿರಬೇಕು ಎಂಬುದು ಅವರ ಕಾನೂನು. "ಗಿರಾಕಿ ಬಪ್ಪ ಮೊದ್ಲ್ ಸಾಂಬಾರ್ ಕುದೀಕ್" ಎನ್ನುವುದು, ಅಂದರೆ ಮೊದಲೇ ಕುದಿಯಬೇಕು ಎನ್ನುವುದು, ಅದರ ಹಿಂದಿನ ತತ್ತ್ವ. ಅಡಿಗೆ ಭಟ್ಟರಿಂದ ಹಿಡಿದು ನನ್ನ ಅಲಾರಂ ತನಕ ಯಾರಿಗೂ ವಿನಾಯಿತಿಯಿರಲಿಲ್ಲ. ಹೊರಗಿನ ಕೆಲಸಕ್ಕೆ ಹೋಗುವಾಗ ಇಪ್ಪತ್ತು ಕಳೆಯುವುದು, ಮನೆಯೊಳಗಿನ ಕೆಲಸಕ್ಕೆ ಕಳೆಯದೆ ಇರುವುದು, ಇದು ನಮಗೆ ಉಸಿರಾಟದಷ್ಟು ಅಭ್ಯಾಸವಾಗಿತ್ತು.

ನನ್ನ ಜಾತಕ ಬರೆಸುವಾಗ ಮಾತ್ರ ಕಳೆಯುವುದು ಮರೆತುಹೋಯಿತಂತೆ. ಆಸ್ಪತ್ರೆಯಿಂದ ಸುದ್ದಿ ಬಂದಾಗ ಅಪ್ಪಯ್ಯ ಗಲ್ಲಾದ ಮೇಲೆ ಕತ್ತೆತ್ತಿ ನೋಡಿ, ಅದೇ ಗಂಟೆಯನ್ನು ಜೋಯಿಸರಿಗೆ ಹೇಳಿಬಿಟ್ಟರು. ಹಾಗಾಗಿ ನನ್ನ ಜಾತಕವೆಂದು ನಮ್ಮ ಮನೆಯ ಪೆಟ್ಟಿಗೆಯಲ್ಲಿರುವುದು ಇಪ್ಪತ್ತು ನಿಮಿಷ ತಡವಾಗಿ ಹುಟ್ಟಿದ ಇನ್ಯಾರದೋ ಜಾತಕ. ಅವಳಿಗೆ ಸಂಗೀತ ಬರುತ್ತದೆ, ಕೋಪ ಬರುವುದಿಲ್ಲ, ವಿದೇಶಯೋಗವಿದೆ. ಮದುವೆಯ ಸಮಯದಲ್ಲಿ ಹುಡುಗನ ಕಡೆಯವರು ಮೂವತ್ತೆರಡು ಗುಣ ಕೂಡಿತೆಂದು ಸಂಭ್ರಮಪಟ್ಟರು. ಕೂಡಿದ್ದು ಯಾರೊಂದಿಗೆ ಎಂಬುದನ್ನು ನನ್ನ ಗಂಡ ಈಗಲೂ ಆಗಾಗ ಕೇಳುವುದುಂಟು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋದರೆ ಕಥೆ ನಿಲ್ಲುವುದಿಲ್ಲ. ಅಪ್ಪಯ್ಯ ತಮಿಳನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದರು, ಆದರೆ ಅದರ ಒಂದಕ್ಷರವನ್ನೂ ಓದಲಾರರು. ಇಂಗ್ಲಿಷ್ ಅಂತೂ ಕೇಳಲೇಬೇಡಿ, ಅಂಕಿಗಳಷ್ಟೇ ಪರಿಚಯ. ಬಸ್ಸನ್ನು ನಂಬರಿನಿಂದ ಗುರುತಿಸುತ್ತಿದ್ದರು, ಅಂಗಡಿಗಳನ್ನು ಬೋರ್ಡಿನ ಬಣ್ಣದಿಂದ. ಅಕ್ಷರವೆಂದರೆ ಅವರಿಗೆ ಕನ್ನಡ ಒಂದೇ. ಊರಿಂದ ಬಂದ ಹಪ್ಪಳದ ಕಟ್ಟಿಗೆ ಸುತ್ತಿದ ಹಳೇ ಪತ್ರಿಕೆಯನ್ನು ಬಿಚ್ಚಿ, ಎಣ್ಣೆಯ ಕಲೆಯ ಕೆಳಗಿನ ಸಾಲನ್ನೂ ಬಿಡದೆ ಓದುತ್ತಿದ್ದರು. ನನ್ನ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅಡಿಗೆಮನೆಯ ಸ್ಟೀಲ್ ಮೇಜಿನ ಮೇಲೆ ರವೆ ಹರಡಿ, ಬೆರಳಿನಿಂದ ಅಕ್ಷರ ತಿದ್ದಿಸಿದವರು ಅವರು. ಒತ್ತಕ್ಷರ ತಪ್ಪಿದರೆ ಅಂಗೈಯಿಂದ ಸವರಿ ಅಳಿಸುತ್ತಿದ್ದರು. ಆ ರವೆಯ ಉಪ್ಪಿಟ್ಟನ್ನು ಯಾರು ತಿಂದರೋ, ನನಗೆ ಗೊತ್ತಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಬಿ.ಎಸ್ಸಿ. ಮುಗಿಸಿದ ನಾನು ಹಟ ಹಿಡಿದು ಒಂದು ಕಂಪ್ಯೂಟರ್ ತರಿಸಿಕೊಂಡೆ. ಬಿಡಿಭಾಗಗಳನ್ನು ತಂದು ಜೋಡಿಸಿದ್ದು, ಫ್ಯಾನಿನ ಸದ್ದು ಹೋಟೆಲಿನ ಗ್ರೈಂಡರಿಗೆ ಪೈಪೋಟಿ ಕೊಡುವಂಥದ್ದು. ಅಪ್ಪಯ್ಯ ಮೇಲೆ ಬಂದು, ಬೆನ್ನ ಹಿಂದೆ ಕೈಕಟ್ಟಿ ನಿಂತು, ಪರದೆಯನ್ನು ಮೂಲೆಯಿಂದ ಮೂಲೆಗೆ ನೋಡಿದರು.

"ಇದ್ರಲ್ಲಿ ಒಂದಾರೂ ನಮ್ ಅಕ್ಷರ ಇತ್ತಾ?"

"ಇಲ್ಲ ಅಪ್ಪಯ್ಯ."

"ಹಾಂಗಾರೆ ಇದ್ ನಂದಲ್ಲ. ನಿಂದ್" ಎಂದು ಇಳಿದುಹೋದರು.

ಕೋಪದಿಂದ ಹೇಳಿದ್ದಲ್ಲ. ಇದು ಉಪ್ಪು, ಇದು ಸಕ್ಕರೆ ಎಂದು ಗುರುತಿಸಿದ ಹಾಗೆ ಹೇಳಿದರು. ಆದರೆ ನನಗೆ ಅದು ಎದೆಯಲ್ಲಿ ನಾಟಿತು. ನನ್ನದು ಎಂದು ಏನಿದ್ದರೂ ಅದು ಅವರದೂ ಆಗಿಯೇ ಇದ್ದ ಮನೆ ಅದು. ಈ ಡಬ್ಬಿಯೊಂದು ಮಾತ್ರ ನಮ್ಮಿಬ್ಬರ ನಡುವೆ ಗೋಡೆ ಹಾಕಿದಂತೆ ಕೂತಿತು. ಇದನ್ನು ಅಪ್ಪಯ್ಯ ಓದುವ ಹಾಗೆ ಮಾಡಬೇಕು ಎಂದು ಅವತ್ತೇ ನಿಶ್ಚಯಿಸಿದೆ.

ಹುಡುಕಿದವರಿಗೆ ಜೊತೆಗಾರರು ಸಿಕ್ಕೇ ಸಿಗುತ್ತಾರೆ. ಕಂಪ್ಯೂಟರಿನ ಗುಂಡಿ, ಪಟ್ಟಿ, ಎಚ್ಚರಿಕೆಯ ಮಾತುಗಳನ್ನೆಲ್ಲ ಕನ್ನಡಕ್ಕೆ ತರುತ್ತಿದ್ದ ಒಂದು ಬಳಗ ಇಂಟರ್‌ನೆಟ್ಟಿನಲ್ಲಿ ಕಣ್ಣಿಗೆ ಬಿತ್ತು. ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ, ಯಾರಿಗೂ ಸಂಬಳವಿರಲಿಲ್ಲ. ಮೈಸೂರಿನ ಶ್ಯಾಮಲಾ ಮೇಡಂ, ಭೌತಶಾಸ್ತ್ರ ಪಾಠ ಮಾಡುವವರು, ಎಲ್ಲರ ಕೆಲಸವನ್ನೂ ಒಟ್ಟುಗೂಡಿಸಿ ಒಂದೇ ದೊಡ್ಡ ಕಡತವಾಗಿ ಬಳಗದ ತಾಣದಲ್ಲಿ ಇಡುತ್ತಿದ್ದರು. ನಾವು ಅದನ್ನು ಇಳಿಸಿಕೊಂಡು, ನಮ್ಮ ಪಾಲಿನ ಸಾಲುಗಳನ್ನು ತುಂಬಿ ಕಳಿಸಬೇಕು. ಒಂದೇ ಎಚ್ಚರಿಕೆ: ಹಳೆಯ ಪ್ರತಿಯ ಮೇಲೆ ಕೆಲಸ ಮಾಡಿ ಕಳಿಸಿದರೆ, ನಡುವೆ ಬೇರೆಯವರು ಸೇರಿಸಿದ್ದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಕೆಲಸಕ್ಕೆ ಕೂರುವ ಮೊದಲು ಪ್ರತಿಸಲವೂ ಹೊಸದಾಗಿ ಇಳಿಸಿಕೊಳ್ಳಬೇಕು.

ನನ್ನ ಕನ್ನಡ ಹೋಟೆಲಿನ ಕನ್ನಡ. ಯಾವುದನ್ನಾದರೂ ಪರದೆಯಿಂದ ತೆಗೆದುಹಾಕು ಎನ್ನುವಲ್ಲಿ ನಾನು "ಎತ್ತು" ಎಂದು ಬರೆದಿದ್ದೆ. "ಎಲೆ ಎತ್ತೋ ಹಾಗಿದೆಯಲ್ಲಮ್ಮ" ಎಂದು ಮೇಡಂ ಉತ್ತರ ಬರೆದರು. ಮುಗಿಯಿತು ಎನ್ನುವಲ್ಲಿ "ಆಯ್ತು, ಏಳಿ" ಎಂದು ಬರೆಯದೆ ಇದ್ದದ್ದು ನನ್ನ ಪುಣ್ಯ.

ಕಷ್ಟವಿದ್ದದ್ದು ಪದಗಳಲ್ಲಿ ಅಲ್ಲ, ಫೋನಿನಲ್ಲಿ. ಆಗಿನ ಇಂಟರ್‌ನೆಟ್ ಫೋನಿನ ತಂತಿಯಲ್ಲೇ ಬರಬೇಕಿತ್ತು. ನಮಗೆ ಇದ್ದದ್ದು ಒಂದೇ ತಂತಿ, ಅದು ಹೋಟೆಲಿನದು. ಕೆಳಗೆ ಗಲ್ಲಾದ ಪಕ್ಕ ಒಂದು ಫೋನು, ಮೇಲೆ ನನ್ನ ಕೋಣೆಯಲ್ಲಿ ಅದರದೇ ಕವಲು. ನಾನು ಕಡತ ಇಳಿಸಲು ಕೂತರೆ ಹತ್ತು ಹನ್ನೆರಡು ನಿಮಿಷ ತಂತಿ ನನ್ನದು. ಅಷ್ಟರಲ್ಲಿ ನುಂಗಂಬಾಕ್ಕದ ಯಾವುದೋ ಆಫೀಸಿನವರು ಸಂಜೆಯ ಮೀಟಿಂಗಿಗೆ ಬೋಂಡ ಕಾಫಿ ಹೇಳಲು ಫೋನ್ ಮಾಡಿ, ಎಂಗೇಜ್ ಬಂದು, ಬೇರೆ ಹೋಟೆಲಿಗೆ ಹೇಳಿಬಿಡುತ್ತಿದ್ದರು. ಇಲ್ಲವೇ ಅಪ್ಪಯ್ಯ ಯಾರಿಗೋ ಫೋನ್ ಮಾಡಲು ರಿಸೀವರ್ ಎತ್ತುತ್ತಿದ್ದರು. ಎತ್ತಿದೊಡನೆ ಅವರ ಕಿವಿಗೆ ಕಿರ್ರ್ ಎಂಬ ಕೂಗು, ನನ್ನ ಕಡತ ಅರ್ಧಕ್ಕೇ ಕಟ್, ಮತ್ತೆ ಮೊದಲಿಂದ.

"ಹೆಣೆ, ಫೋನಿನ ಒಳ್ಗೆ ಬೆಕ್ಕ್ ಕೂಗ್ತಾ ಇತ್ತಲೆ" ಎಂದು ಮೆಟ್ಟಿಲ ಬುಡದಿಂದ ಕೂಗುತ್ತಿದ್ದರು. ಹೆಣೆ ಎಂದರೆ ಕುಂದಾಪುರದ ಕಡೆ ಹುಡುಗೀ ಎಂದು.

ಒಂದು ದಿನ ಮದುವೆ ನಿಶ್ಚಿತಾರ್ಥದ ತಿಂಡಿಯ ದೊಡ್ಡ ಆರ್ಡರೇ ಹಾಗೆ ತಪ್ಪಿಹೋಯಿತು. ಅಪ್ಪಯ್ಯ ಮೇಲೆ ಬಂದು ಕುರ್ಚಿ ಎಳೆದು ಕೂತರು. ಅವರು ಕೂತು ಮಾತಾಡಿದರೆಂದರೆ ವಿಷಯ ದೊಡ್ಡದು.

"ನಿನ್ ಕನ್ನಡದ ಕೆಲ್ಸ ಬೇಡ ಅಂಬುದಿಲ್ಲ ನಾನ್. ಆರೆ ಆರ್ಡರ್ ತಪ್ಪೂಕಾಗ. ಅದ್ ಹತ್ತ್ ಜನರ ಅನ್ನ. ಇನ್ನೊಂದ್ ಸಲ ತಪ್ರೆ ಆ ಕೂಗು ಡಬ್ಬಿ ತೆಗ್ದ್ ಅಟ್ಟಕ್ಕೆ ಹಾಕ್ತೆ."

ಕೂಗು ಡಬ್ಬಿ ಎಂದರೆ ಕಂಪ್ಯೂಟರನ್ನು ಫೋನಿನ ತಂತಿಗೆ ಜೋಡಿಸುವ ಮೋಡೆಮ್. ಅವರು ಹೇಳಿದ್ದು ನ್ಯಾಯವೇ ಆಗಿತ್ತು, ಅದೇ ನನ್ನ ಸಂಕಟ. ಅವರು ಓದಲೆಂದು ಮಾಡುವ ಕೆಲಸವನ್ನು ಅವರ ಅನ್ನಕ್ಕೇ ಅಡ್ಡ ಬಂದು ಮಾಡುವುದು ಹೇಗೆ?

ಇಷ್ಟಕ್ಕೂ ನಾನು ದಿನಾ ಇಳಿಸಿಕೊಳ್ಳುತ್ತಿದ್ದ ಕಡತ ಮುಕ್ಕಾಲುಪಾಲು ದಿನ ನಿನ್ನೆಯದೇ ಆಗಿರುತ್ತಿತ್ತು. ಬದಲಾಗಿದೆಯೋ ಇಲ್ಲವೋ ತಿಳಿಯಲು ಪೂರ್ತಿ ಇಳಿಸಿಯೇ ನೋಡಬೇಕು ಎಂದುಕೊಂಡಿದ್ದೆ. ಅನ್ನ ಬೆಂದಿದೆಯೇ ಎಂದು ನೋಡಲು ಹಂಡೆ ಪೂರ್ತಿ ಉಂಡ ಹಾಗೆ.

ಈಗ ಮಂಜಣ್ಣನ ವಿಷಯಕ್ಕೆ ಬರಬೇಕು. ಮಂಜಣ್ಣ ನಮ್ಮ ಹಳೆಯ ಸಪ್ಲೈಯರ್. ನಮ್ಮಲ್ಲಿ ಮೆನು ಕಾರ್ಡ್ ಇರಲಿಲ್ಲ, ಮಂಜಣ್ಣನ ಬಾಯಿಯೇ ಮೆನು. ಹೊಸ ಗಿರಾಕಿ ಕೂತು "ಎನ್ನ ಇರುಕ್ಕು?" ಎಂದು ಕೇಳಿದರೆ ಸಾಕು, "ಇಡ್ಲಿ ವಡೆ ಪೊಂಗಲ್ ಪೂರಿ, ಸಾದಾ ಮಸಾಲಾ ರವಾ ಆನಿಯನ್ ರವಾ" ಎಂದು ಶುರುವಾಗಿ ಉಸಿರು ತೆಗೆಯದೆ ಬಾದಾಮಿ ಹಾಲಿನ ತನಕ ಓಡುತ್ತಿತ್ತು. ಗಿರಾಕಿಗೆ ಕೊನೆಯದು ಮಾತ್ರ ನೆನಪಿರುತ್ತಿದ್ದ ಕಾರಣ ನಮ್ಮಲ್ಲಿ ಬಾದಾಮಿ ಹಾಲು ಚೆನ್ನಾಗಿ ಖರ್ಚಾಗುತ್ತಿತ್ತು. ಆದರೆ ದಿನಾ ಬರುವವರಿಗೆ ಈ ಪಾರಾಯಣ ಇಲ್ಲ. ಅವರು ಕೂರುತ್ತಲೇ "ಪುದುಸಾ ಏದಾವದು?" ಎನ್ನುತ್ತಾರೆ, ಹೊಸತೇನಾದರೂ ಉಂಟೇ ಎಂದು. ಮಂಜಣ್ಣ "ಒಣ್ಣುಂ ಇಲ್ಲ ಸಾರ್, ಅದೇ ದಾನ್" ಎನ್ನುತ್ತಾನೆ. ಹೊಸತೇನಿಲ್ಲ, ಅದೇ. ಅಷ್ಟರಲ್ಲಿ ವ್ಯವಹಾರ ಮುಗಿಯುತ್ತದೆ. ಪಟ್ಟಿ ಗಿರಾಕಿಯ ತಲೆಯಲ್ಲೇ ಇದೆ, ಬದಲಾಗಿದ್ದರೆ ಮಾತ್ರ ಹೇಳಿದರಾಯಿತು.

ಹುಟ್ಟಿದಾಗಿನಿಂದ ಈ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಆದರೆ ಅವತ್ತು ಮಧ್ಯಾಹ್ನ ಬಿದ್ದದ್ದೇ ಬೇರೆ ಥರ. ನಾನು ಕರ್ಲ್ ಎಂಬ ಸಾಧನದ ಕೈಪಿಡಿ ಓದುತ್ತಾ ಕೂತಿದ್ದೆ. ಅದು ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಿ ಕಡತ ತರಿಸಿಕೊಳ್ಳುವ ಸಾಧನ. ಕೈಪಿಡಿ ಎಂದರೆ ಕೇಳಬೇಡಿ, ಮಂಜಣ್ಣನ ಪಟ್ಟಿಗಿಂತ ಉದ್ದ, ಒಂದೊಂದು ಅಕ್ಷರಕ್ಕೂ ಒಂದೊಂದು ಗುಣ. ಕೊನೆಗೆ ಝಡ್ ಅಕ್ಷರದ ಎದುರು ಒಂದು ಸಾಲು: ಈ ಹೊತ್ತಿನ ನಂತರ ಬದಲಾಗಿದ್ದರೆ ಮಾತ್ರ ಕಡತ ಕೊಡು ಎಂದು ಕೇಳಬಹುದು. ಹೊತ್ತನ್ನು ನಾವು ಹೇಳಬೇಕಾಗಿಯೂ ಇಲ್ಲ, ನಮ್ಮಲ್ಲಿರುವ ಹಳೆಯ ಪ್ರತಿಯನ್ನು ತೋರಿಸಿದರೆ ಅದರ ಮೇಲಿನ ಹೊತ್ತನ್ನು ಸಾಧನವೇ ಓದಿಕೊಳ್ಳುತ್ತದೆ. ಬದಲಾಗಿಲ್ಲದಿದ್ದರೆ ಆ ಕಡೆಯ ಯಂತ್ರ ಕಡತ ಕಳಿಸುವುದಿಲ್ಲ, ಮುನ್ನೂರ ನಾಲ್ಕು ಎಂಬ ಒಂದು ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಇದನ್ನು ಓದುತ್ತಿದ್ದಾಗ ಕೆಳಗಿನಿಂದ ಮಂಜಣ್ಣನ ಸ್ವರ ಬಂತು. "ಅದೇ ದಾನ್ ಸಾರ್."

ನನಗೆ ಮೈ ಜುಮ್ಮೆಂದಿತು. ಇದು ಉತ್ಪ್ರೇಕ್ಷೆಯಲ್ಲ. ಸಮುದ್ರದ ಆಚೆ ಯಾರೋ ಕೂತು ಬರೆದ ಸಾಧನ ನಮ್ಮ ಹೋಟೆಲಿನ ಮಾತಾಡುತ್ತಿತ್ತು. ಆಜ್ಞೆ ಟೈಪ್ ಮಾಡಿದೆ, ಮೋಡೆಮ್ ಕೂಗಿ ಸುಮ್ಮನಾಯಿತು, ಪ್ರಶ್ನೆ ಹೋಯಿತು, ಎಣಿಸುವಷ್ಟರಲ್ಲಿ ಉತ್ತರ ಬಂತು. ಮುನ್ನೂರ ನಾಲ್ಕು. ಬದಲಾಗಿಲ್ಲ. ತಂತಿ ಬಿಟ್ಟುಕೊಟ್ಟೆ. ಖುಷಿ ತಡೆಯದೆ ಇನ್ನೊಮ್ಮೆ ಕೇಳಿದೆ. ಮತ್ತೆ ಮುನ್ನೂರ ನಾಲ್ಕು. ಹೊಸತೇನೂ ಇಲ್ಲ ಎಂಬ ಸುದ್ದಿ ಕೇಳಿ ಅಷ್ಟು ಕುಣಿದವರು ಅವತ್ತು ಮದರಾಸಿನಲ್ಲಿ ಬೇರೆ ಯಾರೂ ಇರಲಾರರು. ಮುಂದೆ ಪೆರುಂಗುಡಿಯ ದೊಡ್ಡ ಆಫೀಸಿನಲ್ಲಿ ತಂಪು ಕೋಣೆಯಲ್ಲಿ ಕೂತು ಎಷ್ಟೋ ದೊಡ್ಡ ಕೆಲಸ ಮಾಡಿದ್ದೇನೆ, ಆ ಕುಣಿತ ಮತ್ತೆ ಬರಲಿಲ್ಲ.

ಮೆಟ್ಟಿಲನ್ನು ಎರಡೆರಡಾಗಿ ಇಳಿದು ಗಲ್ಲಾದ ಹತ್ತಿರ ಓಡಿದೆ. "ಅಪ್ಪಯ್ಯ, ಇನ್ ಮೇಲೆ ಫೋನ್ ಯಾವಾಗ್ಲೂ ಫ್ರೀ."

"ಬೆಕ್ಕ್ ಓಡಿ ಹೋಯ್ತಾ?" ಎಂದರು.

ಆದರೂ ನನ್ನ ಮುಖ ನೋಡಿ ಕುತೂಹಲವಾಗಿರಬೇಕು, ಮೇಲೆ ಬಂದರು. ನಾನು ಉತ್ಸಾಹದಿಂದ ಕಪ್ಪು ಪರದೆಯ ಇಂಗ್ಲಿಷನ್ನು ವಿವರಿಸುತ್ತಿದ್ದರೆ ಅವರ ಕಣ್ಣು ತಮಗೆ ಗುರುತು ಸಿಗುವ ಏನನ್ನೋ ಹುಡುಕುತ್ತಿತ್ತು. ಸಿಕ್ಕಿತು. ಮೂಲೆಯಲ್ಲಿ ಗಂಟೆ ತೋರಿಸುವ ಅಂಕಿಗಳು.

"ಇದ್ರ ಗಂಟೆ ಹಿಂದೆ ಇತ್ತಲೆ. ಸರಿ ಮಾಡ್."

ಅಷ್ಟು ಸಂತೋಷದ ಗಳಿಗೆಯಲ್ಲಿ ಯಾರು ವಾದ ಮಾಡುತ್ತಾರೆ? ನಗುತ್ತಾ ಕಂಪ್ಯೂಟರಿನ ಗಡಿಯಾರವನ್ನೂ ಇಪ್ಪತ್ತು ನಿಮಿಷ ಮುಂದಿಟ್ಟೆ. ಇಡೀ ಕಟ್ಟಡದಲ್ಲಿ ಅದೊಂದೇ ಬಾಕಿ ಇತ್ತು.

ಮುಂದಿನ ವಾರಗಳು ಹಬ್ಬದ ಹಾಗೆ ಕಳೆದವು. ದಿನಕ್ಕೆ ಮೂರು ಸಲ ಕೇಳುತ್ತಿದ್ದೆ, ಬದಲಾಗಿದ್ದರೆ ಮಾತ್ರ ಇಳಿಸಿಕೊಳ್ಳುತ್ತಿದ್ದೆ. ಆರ್ಡರ್ ಒಂದೂ ತಪ್ಪಲಿಲ್ಲ. ಅಪ್ಪಯ್ಯ ಅಟ್ಟದ ಮಾತೆತ್ತಲಿಲ್ಲ.

ಹೀಗಿರುವಾಗ ಕಡತ ಮುಚ್ಚುವ ದಿನ ಬಂತು. ಅಂದು ಸಂಜೆ ನಾಲ್ಕರೊಳಗೆ ಪೂರ್ತಿ ಕಡತ ತಂತ್ರಾಂಶ ತಯಾರಿಸುವವರ ಕೇಂದ್ರ ತಾಣಕ್ಕೆ ಸೇರಿದರೆ ಅದರ ಹೊಸ ಆವೃತ್ತಿಯಲ್ಲಿ ಕನ್ನಡವಿರುತ್ತದೆ. ಸೇರದಿದ್ದರೆ ಇಲ್ಲ, ಇನ್ನೊಂದು ಆವೃತ್ತಿ ಬರುವ ತನಕ ಕಾಯಬೇಕು. ಮೈಸೂರಿನಲ್ಲಿ ಮಧ್ಯಾಹ್ನ ಕರೆಂಟ್ ತೆಗೆಯುತ್ತಾರೆಂದು ಗೊತ್ತಿದ್ದರಿಂದ ಮೇಡಂ ಕೊನೆಯ ಜವಾಬ್ದಾರಿಯನ್ನು ನನಗೆ ಒಪ್ಪಿಸಿದ್ದರು. ಅವರು ತಮ್ಮ ತಿದ್ದುಪಡಿ ಸೇರಿಸಿ ತಾಣದಲ್ಲಿಡುತ್ತಾರೆ. ನಾನು ಅದನ್ನು ಇಳಿಸಿಕೊಂಡು, ನನ್ನ ಪಾಲನ್ನು ಸೇರಿಸಿ ಕಳಿಸಬೇಕು. ಅವರಿಂದ ಏನೂ ಬಾರದಿದ್ದರೆ ನನ್ನಲ್ಲಿರುವುದನ್ನೇ ಕಳಿಸಬೇಕು.

ಊಟದ ಗಲಾಟೆ ಮುಗಿಯುವ ಹೊತ್ತಿಗೆ ನನ್ನ ಸಾಲುಗಳನ್ನು ತುಂಬಿ ಉಳಿಸಿದೆ. ಆಮೇಲೆ ತಾಣಕ್ಕೆ ಕೇಳಿದೆ, ಹೊಸತೇನಾದರೂ ಉಂಟೇ? ಮುನ್ನೂರ ನಾಲ್ಕು. ಅದೇ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಅದೇ. ಪಾಪ, ಮೇಡಂ ಮನೆಯಲ್ಲಿ ಕರೆಂಟ್ ಬೇಗನೇ ಹೋಗಿರಬೇಕು ಎಂದುಕೊಂಡು ನನ್ನ ಕಡತವನ್ನೇ ಸಾಲು ಸಾಲಾಗಿ ಪರೀಕ್ಷಿಸಿದೆ. ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷವಿದೆ ಎಂದು ತೋರಿಸುವಾಗ, ಕಳಿಸುವ ಆಜ್ಞೆ ಟೈಪ್ ಮಾಡಿ ಬೆರಳನ್ನು ಗುಂಡಿಯ ಮೇಲಿಟ್ಟೆ.

ಫೋನ್ ಬಡಿಯಿತು. ಕೆಳಗೆ ಎತ್ತಿಕೊಂಡ ಅಪ್ಪಯ್ಯ ಕೂಗಿದರು, "ಹೆಣೆ, ಮೈಸೂರಿಂದ ಟೀಚರಮ್ಮ." ನನ್ನ ಕೋಣೆಯ ಫೋನ್ ಎತ್ತಿದೆ.

"ಏನಮ್ಮಾ, ಸದ್ಯ ನಿಮ್ಮನೆ ಫೋನ್ ಸಿಕ್ತಲ್ಲ. ಮೊದಲೆಲ್ಲ ಬರೀ ಎಂಗೇಜು" ಎಂದರು ಮೇಡಂ. ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದರು, ಹಿಂದೆ ಬಸ್ಸಿನ ಹಾರ್ನ್ ಸದ್ದು. "ಕಡತ ಇಳಿಸ್ಕೊಂಡ್ಯಾ? ಮುನ್ನೂರು ಸಾಲು ತಿದ್ದಿದೀನಿ. ಕೆಲವು ಕಡೆ ಅರ್ಥಾನೇ ಉಲ್ಟಾ ಆಗಿತ್ತು."

"ನೀವು ಹಾಕೇ ಇಲ್ವಲ್ಲ ಮೇಡಂ. ಬದಲಾಗಿಲ್ಲ ಅಂತ್ಲೇ ಹೇಳ್ತಾ ಇದೆ."

"ಆಗಲೇ ಎರಡೂಕಾಲಿಗೆ ಹಾಕಿದೀನಮ್ಮ. ಹಾಕಿ ಎದ್ದೆ, ಕರೆಂಟ್ ಹೋಯ್ತು."

ಗುಂಡಿ ಒತ್ತಿದ್ದರೆ ಅವರ ಮುನ್ನೂರು ಸಾಲು ಬಿಟ್ಟುಹೋಗಿ, ಅರ್ಥ ಉಲ್ಟಾ ಆದ ಕನ್ನಡ ಲೋಕಕ್ಕೆಲ್ಲ ಹಂಚಿಹೋಗುತ್ತಿತ್ತು. ಒತ್ತದಿದ್ದರೆ ಕನ್ನಡವೇ ಇಲ್ಲ. ಇಳಿಸಿಕೊಳ್ಳಲು ಹನ್ನೆರಡು ನಿಮಿಷ, ಕಳಿಸಲು ಮತ್ತೆ ಏಳೆಂಟು.

"ಮೇಡಂ, ಇನ್ನೇನೂ ಮಾಡಕ್ಕಾಗಲ್ಲ. ಉಳಿದಿರೋದು ಹತ್ತೇ ನಿಮಿಷ" ಎಂದೆ.

"ಯಾಕಮ್ಮಾ, ನನ್ನ ವಾಚಲ್ಲಿ ಇನ್ನೂ ಮೂರೂವರೆ."

ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಹೊಳೆಯಿತು. ಹೋಟೆಲ್ ಗಂಟೆ. ನಾನು ನನ್ನ ಕಡತವನ್ನು ಉಳಿಸಿದಾಗ ಕಂಪ್ಯೂಟರ್ ಅದರ ಮೇಲೆ ತನ್ನ ಗಡಿಯಾರದ ಹೊತ್ತನ್ನು ಒತ್ತಿತ್ತು, ನಿಜವಾದ ಹೊತ್ತಿಗಿಂತ ಇಪ್ಪತ್ತು ನಿಮಿಷ ಮುಂದಿನದನ್ನು. ಅದಾದ ಸ್ವಲ್ಪ ಹೊತ್ತಿಗೇ ಮೇಡಂ ತಮ್ಮದನ್ನು ಹಾಕಿದ್ದಾರೆ. ನನ್ನ ಪ್ರತಿಯ ಹೊತ್ತಿನ ನಂತರ ಬದಲಾಗಿದೆಯೇ ಎಂದು ಸಾಧನ ಕೇಳಿದೆ. ಆ ಕಡೆಯ ಯಂತ್ರ ಲೆಕ್ಕ ನೋಡಿ, ಇಲ್ಲವಲ್ಲ, ನಮ್ಮದು ಅದಕ್ಕಿಂತ ಮೊದಲಿನದು ಎಂದು ಪ್ರಾಮಾಣಿಕವಾಗಿ ಮುನ್ನೂರ ನಾಲ್ಕು ಹೇಳಿದೆ. ಯಂತ್ರ ಸುಳ್ಳಾಡಿರಲಿಲ್ಲ, ಸಾಧನವೂ ಆಡಿರಲಿಲ್ಲ. ಸಾಂಬಾರ್ ಮೊದಲು ಕುದಿಯಬೇಕೆಂಬ ಕಾನೂನು ಕಂಪ್ಯೂಟರಿನ ಒಳಗೂ ಜಾರಿಯಾಗಿತ್ತು, ಅಷ್ಟೇ.

ಮತ್ತು ಅದೇ ಕಾನೂನು ನನ್ನ ಕೈಯಲ್ಲಿ ಇಪ್ಪತ್ತು ನಿಮಿಷ ಇಟ್ಟಿತ್ತು. ನಾಲ್ಕಕ್ಕೆ ಇನ್ನೂ ಅರ್ಧ ಗಂಟೆಯಿತ್ತು.

ಮೇಡಂಗೆ ಏನು ಹೇಳಿ ಫೋನ್ ಇಟ್ಟೆನೋ ನೆನಪಿಲ್ಲ. ಕೆಳಗೆ ಓಡಿದೆ. "ಅಪ್ಪಯ್ಯ, ಅರ್ಧ ಗಂಟೆ ಫೋನ್ ಬೇಕ್. ಯಾರೂ ಎತ್ತೂಕಾಗ. ಎತ್ತಿದ್ರೆ ಎಲ್ಲ ಹೋಯ್ತ್."

ಅದು ಸಂಜೆಯ ಆರ್ಡರುಗಳು ಬರುವ ಹೊತ್ತು. ಅಪ್ಪಯ್ಯ ನನ್ನನ್ನು ನೋಡಿದರು, ಗಡಿಯಾರ ನೋಡಿದರು. ರಿಸೀವರಿನ ಮೇಲೆ ತಮ್ಮ ಅಗಲವಾದ ಅಂಗೈಯನ್ನು ಇಟ್ಟು ಕೂತರು.

"ಹೋಗ್, ಮಾಡ್" ಎಂದರು.

ಹಳೆಯ ಪ್ರತಿಯನ್ನು ತೋರಿಸದೆ, ಬದಲಾಗಿದೆಯೇ ಎಂದು ಕೇಳದೆ, ಹೊಸ ಗಿರಾಕಿಯ ಹಾಗೆ ಇಡೀ ಪಟ್ಟಿಯನ್ನೇ ಕೇಳಿದೆ. ಕಡತ ಹನಿ ಹನಿಯಾಗಿ ಇಳಿಯಿತು. ಕೆಳಗೆ ಯಾರೋ ಗಿರಾಕಿ ಒಂದು ಲೋಕಲ್ ಕಾಲ್ ಮಾಡಿಕೊಳ್ಳಲೇ ಎಂದು ತಮಿಳಿನಲ್ಲಿ ಕೇಳಿದ್ದು, "ಫೋನ್ ರಿಪೇರಿ ಸಾರ್" ಎಂದು ಅಪ್ಪಯ್ಯ ಹೇಳಿದ್ದು ಕೇಳಿಸಿತು. ಜೀವಮಾನದಲ್ಲಿ ಅವರು ಗಿರಾಕಿಗೆ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇಳಿದದ್ದೇ ನನ್ನ ಸಾಲುಗಳನ್ನು ಅದರೊಳಗೆ ಸೇರಿಸಿ ಕಳಿಸಲು ಶುರುಮಾಡಿದೆ. ಹೋಟೆಲ್ ಗಂಟೆ ನಾಲ್ಕು ದಾಟಿತು. ಇಪ್ಪತ್ತು ಕಳೆದೆ. ನಾಲ್ಕೂಕಾಲು ದಾಟಿತು. ಇಪ್ಪತ್ತು ಕಳೆದೆ. ಹುಟ್ಟಿದಾಗಿನಿಂದ ಕಳೆಯುತ್ತಲೇ ಬಂದದ್ದು, ಲೆಕ್ಕ ತಪ್ಪಲಿಲ್ಲ. ಕಡತ ಸೇರಿತು ಎಂಬ ಉತ್ತರ ಬಂದಾಗ ನಿಜವಾದ ನಾಲ್ಕಕ್ಕೆ ಇನ್ನೂ ಸ್ವಲ್ಪ ಉಳಿದಿತ್ತು.

ಕೆಳಗೆ ಹೋಗಿ ನೋಡಿದರೆ ಅಪ್ಪಯ್ಯನ ಅಂಗೈ ಇನ್ನೂ ಫೋನಿನ ಮೇಲೇ ಇತ್ತು. "ಆಯ್ತ್ ಅಪ್ಪಯ್ಯ, ಎತ್ತಲಕ್ಕ್" ಎಂದೆ. ಕೈ ತೆಗೆದದ್ದೇ ಫೋನ್ ಬಡಿಯಿತು. ನುಂಗಂಬಾಕ್ಕದ ಆಫೀಸು, ಬೋಂಡ ಕಾಫಿ. ಅವರ ಮೀಟಿಂಗೂ ತಡವಾಗಿ ಶುರುವಾಗಿತ್ತಂತೆ.

ಆ ರಾದ್ಧಾಂತದ ಮೇಲೆ ಕಂಪ್ಯೂಟರಿನ ಗಡಿಯಾರವನ್ನು ಸದ್ದಿಲ್ಲದೆ ನಿಜವಾದ ಹೊತ್ತಿಗೆ ತಂದೆ. ಅದಲ್ಲದೆ ಕೇಳುವ ಇನ್ನೊಂದು ಕ್ರಮವನ್ನೂ ಕಲಿತೆ. ಅದರಲ್ಲಿ ಗಡಿಯಾರದ ಹಂಗೇ ಇಲ್ಲ. ಪ್ರತಿ ಕಡತದ ಜೊತೆ ತಾಣ ಒಂದು ಗುರುತು ಕೊಡುತ್ತದೆ, ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟರೆ ಟೋಕನ್ ಕೊಡುವ ಹಾಗೆ. ಕಡತ ಬದಲಾದರೆ ಗುರುತೂ ಬದಲಾಗುತ್ತದೆ. ಮುಂದಿನ ಸಲ ಅದೇ ಗುರುತನ್ನು ತೋರಿಸಿ, ಇದು ಇನ್ನೂ ನಡೆಯುತ್ತದೆಯೇ ಎಂದು ಕೇಳಿದರಾಯಿತು. ನಮ್ಮ ಗಡಿಯಾರ ಎಷ್ಟು ಗಂಟೆ ತೋರಿಸುತ್ತಿದೆ ಎಂದು ಯಾರೂ ವಿಚಾರಿಸುವುದಿಲ್ಲ. ಟೋಕನ್ನಿಗೆ ರಾಹುಕಾಲ ಇಲ್ಲವಲ್ಲ.

ಕೆಲವು ತಿಂಗಳ ಮೇಲೆ ಹೊಸ ಆವೃತ್ತಿ ಬಂತು. ಪರದೆ ಕನ್ನಡದಲ್ಲಿ ತೆರೆದುಕೊಂಡಿತು. ಅಪ್ಪಯ್ಯನನ್ನು ಕರೆದೆ. ಇಂಗು ಸಾಂಬಾರಿನ ವಾಸನೆಯ ಕೈಯನ್ನು ಹೆಗಲ ಬೈರಾಸಿಗೆ ಒರೆಸಿಕೊಳ್ಳುತ್ತಾ ಬಂದು, ಎಂದಿನಂತೆ ಬೆನ್ನ ಹಿಂದೆ ಕೈಕಟ್ಟಿ ನಿಂತರು. ಅವರ ತುಟಿ ಅಲುಗಲು ಶುರುವಾಯಿತು. ಹಪ್ಪಳದ ಕಾಗದ ಓದಿದ ಹಾಗೆಯೇ, ಒಂದನ್ನೂ ಬಿಡದೆ. ಕಡತ. ತೆರೆ. ಉಳಿಸು. ಮುಚ್ಚು. ಸಹಾಯ. ಆಮೇಲೆ ಹೊಸತೇನಾದರೂ ಇದೆಯೇ ಎಂದು ನೋಡುವ ಗುಂಡಿಯನ್ನು ನಾನು ಒತ್ತಿದೆ, ಉತ್ತರ ಪರದೆಯ ಮಧ್ಯದಲ್ಲಿ ಮೂಡಿತು. ನನ್ನ ಹೋಟೆಲ್ ಕನ್ನಡದಲ್ಲಿ ಮೇಡಂ ತಿದ್ದದೆ ಉಳಿಸಿದ್ದ ಕೆಲವೇ ಸಾಲುಗಳಲ್ಲಿ ಅದೊಂದು.

"ಹೊಸತೇನಿಲ್ಲ, ಅದೇ" ಎಂದು ಅಪ್ಪಯ್ಯ ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಮೆಟ್ಟಿಲ ಕಡೆ ತಿರುಗಿ, "ಮಂಜಣ್ಣ, ಬಾ ಇಲ್ಲಿ. ನಿನ್ ಮಾತ್ ಇದ್ರಲ್ಲಿ ಬಂದಿತ್ ಕಾಣ್" ಎಂದು ಕರೆದರು.

ಮಂಜಣ್ಣ ಬರುವ ತನಕ ನಾವಿಬ್ಬರೇ ಇದ್ದೆವು. ಅಪ್ಪಯ್ಯ ಕುರ್ಚಿ ಎಳೆದು ಪರದೆಯ ಮುಂದೆ ಕೂತರು. "ಹಾಂಗಾರೆ ಇದ್ ನಂದೂ ಹೌದ್" ಎಂದರು. ನನಗೆ ಕಣ್ಣೀರು ಬಂತು. ಬಂತು ಎಂದು ಹೇಳಿಕೊಳ್ಳಲು ನಾಚಿಕೆ ಏನೂ ಇಲ್ಲ.

ಅವರ ಕಣ್ಣು ಅಷ್ಟರಲ್ಲಿ ಪರದೆಯ ಮೂಲೆಗೆ ಹೋಗಿತ್ತು. ಅಲ್ಲಿ ಹೊತ್ತು ಈಗ ಕನ್ನಡದ ಅಂಕಿಗಳಲ್ಲಿತ್ತು. ಅದನ್ನು ಓದಿ, ತಮ್ಮ ಕೈಗಡಿಯಾರ ನೋಡಿ, ಹುಬ್ಬು ಗಂಟಿಕ್ಕಿದರು.

"ಎಲ್ಲ ಸರಿ ಇತ್ತ್. ಗಂಟೆ ಮಾತ್ರ ಮತ್ತೆ ಹಿಂದೆ ಬಿದ್ದಿತ್ ಕಾಣ್. ಸರಿ ಮಾಡ್."

ನನ್ನ ಹತ್ತಿರ ಟೋಕನ್ ಇತ್ತಲ್ಲ, ಇನ್ನೇನು ಭಯ? ಮರುಮಾತಿಲ್ಲದೆ ಇಪ್ಪತ್ತು ನಿಮಿಷ ಮುಂದಿಟ್ಟೆ.

ಮೊನ್ನೆ ಹೊಸ ಸೆಲ್ ಹಾಕಿದ ಮೇಲೆ ಗೋಡೆ ಗಡಿಯಾರಕ್ಕೂ ಹಾಗೆಯೇ ಮಾಡಿದೆ. ಮಗಳ ಮೊಬೈಲನ್ನು ಕೇಳಿ ಪಡೆದು, ಅದರಲ್ಲಿ ನಿಜವಾದ ಹೊತ್ತು ನೋಡಿ, ಅದಕ್ಕೆ ಇಪ್ಪತ್ತು ಸೇರಿಸಿ ಮುಳ್ಳು ತಿರುಗಿಸಿ ಮೊಳೆಗೆ ತಗಲಿಸಿದೆ. ಸ್ಟೂಲಿನಿಂದ ಇಳಿದು ನೋಡಿದೆ. ಅಪ್ಪಯ್ಯ ಇಲ್ಲವಾಗಿ ಕೆಲವು ವರ್ಷಗಳಾದವು, ಹೋಟೆಲನ್ನು ಬೇರೆಯವರು ನಡೆಸುತ್ತಿದ್ದಾರೆ. ಗಡಿಯಾರ ಮಾತ್ರ ಅದೇ.